ಬೆಂಕಿಗೆ ಬಗ್ಗಿಸಿದ ಪೈಪು

ಮೆದೆಲಿನ್ ಊರಿನ ಗುಡ್ಡದ ಓಣಿಗಳಲ್ಲಿ ಮನೆಗೆ ತಾರಸಿ ಹಾಕುವುದೆಂದರೆ ಮದುವೆಗಿಂತ ಒಂದು ಕೈ ಹೆಚ್ಚು. ಮದುವೆಗೆ ಕರೆದರೂ ಬಾರದವರು ತಾರಸಿಗೆ ಕರೆಯದೆಯೇ ಸಲಿಕೆ ಹೊತ್ತು ಬರುತ್ತಾರೆ. ಆ ಭಾನುವಾರ ಬೆಳಿಗ್ಗೆ, ಓಣಿಯವರೆಲ್ಲ ಗೌರವದಿಂದ ದೋನ್ಯಾ ಎನ್ನುವ ಫಾಬಿಯೋಲಾಳ ಮನೆಮುಂದೆ ಹದಿನೆಂಟು ಜನ ಸೇರಿದ್ದರು. ಬೀದಿಯಲ್ಲೇ ಹೂಡಿದ ಒಲೆಯ ಮೇಲೆ ಕೋಳಿ, ಬಾಳೆಕಾಯಿ, ಮರಗೆಣಸು ಹಾಕಿದ ಸಾಂಕೋಚೊ ಸಾರು ಕುದಿಯುತ್ತಿತ್ತು. ಕಾಂಕ್ರೀಟ್ ಬಿದ್ದ ಮೇಲೆಯೇ ಊಟ. ಅದು ಅಲ್ಲಿಯ ಕಟ್ಟುಪಾಡು.

ಮೇಲೆ ಸೆಂಟ್ರಿಂಗ್ ಹಲಗೆಗಳ ಮೇಲೆ ಒದಿಲಿಯಾ ಕುಕ್ಕರಗಾಲಲ್ಲಿ ಕೂತು ಪೈಪಿನ ಬಾಯಿಯನ್ನೇ ನೋಡುತ್ತಿದ್ದಳು. ಮುಂದೆ ಮೇಲ್ಮಹಡಿಯಲ್ಲಿ ಬರುವ ಕಕ್ಕಸಿಗೆಂದು ಕಬ್ಬಿಣದ ಸರಳುಗಳ ಕೆಳಗೆ ಮಲಗಿದ್ದ ಹಳದಿ ಪ್ಲಾಸ್ಟಿಕ್ ಪೈಪುಗಳು ಅವಳು ಜೋಡಿಸಿದವು. ಕೆಳಗಿನ ಬಾಯಿಗೆ ಬಿರಡೆ ಜಡಿದು, ಪೈಪಿನ ತುಂಬ ನೀರು ಬಿಟ್ಟು ಒಂದು ಗಂಟೆ ಕಾಯದೆ ಅವಳು ಕಾಂಕ್ರೀಟಿಗೆ ಒಪ್ಪುತ್ತಿರಲಿಲ್ಲ. ಶುಕ್ರವಾರ ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಈವತ್ತು ಮತ್ತೆ ತುಂಬಿ ನೋಡಿದರೆ ಎರಡು ಬೆರಳು ಇಳಿದಿತ್ತು.

"ಬಿಸಿಲಿಗೆ ಆರಿರತ್ತೆ ಬಿಡು ಮಗಳೇ," ಎಂದ ಅರ್ಹೆಮಿರೊ ಮೇಸ್ತ್ರಿ. ಹದಿನೇಳರ ವಯಸ್ಸಿನಲ್ಲಿ ಅವಳ ಕೈಗೆ ಗರಗಸ ಕೊಟ್ಟು ಕೆಲಸ ಕಲಿಸಿದವನು ಅವನೇ.

"ಏಳು ಗಂಟೆಗೆ ಎಂಥ ಬಿಸಿಲು ಮೇಸ್ತ್ರಿ?"

"ಹಂಗಾದ್ರೆ ಬಿರಡೆ ಸಡಿಲ ಇರ್ಬೇಕು. ಜನ ಕಾಯ್ತಾ ಇದ್ದಾರೆ."

"ಸಿಮೆಂಟು ಇನ್ನೂ ಚೀಲದಲ್ಲೇ ಇದೆಯಲ್ಲ, ಅಲ್ಲೇ ಇರ್ಲಿ."

ಕೆಳಗಿನಿಂದ ಯಾರೋ ಕೂಗಿದರು: "ಏನು ಒದಿಲಿಯಾ, ಪೈಪಿಗೆ ಜ್ವರ ಬಂತಾ?" ಎಲ್ಲರೂ ನಕ್ಕರು.

ಅವಳಿಗೂ ಗೊತ್ತಿತ್ತು. ಕೆಲಸ ನಿಲ್ಲಿಸಿ ತಪ್ಪೇನೂ ಸಿಗದಿದ್ದರೆ ಸಂಜೆಯೊಳಗೆ ಗುಡ್ಡಕ್ಕೆಲ್ಲ ಅವಳ ಕಥೆ. ಆಮೇಲೆ ಹೆಂಗಸನ್ನು ಪೈಪಿನ ಕೆಲಸಕ್ಕೆ ಯಾರು ಕರೆದಾರು? ಸುಮ್ಮನಿದ್ದರೆ ಫಾಬಿಯೋಲಾಳ ಅಡುಗೆಮನೆಗೆ ಮೇಲಿನ ಕಕ್ಕಸಿನ ನೀರು ಜನ್ಮವಿಡೀ ತೊಟ್ಟಿಕ್ಕುತ್ತದೆ. ಆದರೂ ಅವಳಿಗೆ ಅಳುಕಿರಲಿಲ್ಲ. ಹನ್ನೆರಡು ಜೋಡಣೆಗಳನ್ನು ಅವಳೇ ಅಂಟಿಸಿದ್ದಳು. ಸೋರುತ್ತಿರುವುದು ತನ್ನ ಕೈಯದಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

ಸರಳುಗಳ ಮೇಲೆ ಅಂಬೆಗಾಲಿಟ್ಟು ಪೈಪಿನುದ್ದಕ್ಕೂ ಕೈಯಾಡಿಸುತ್ತಾ ಹೋದಳು. ಕಕ್ಕಸಿನ ಕಡೆ ಬೆರಳಿಗೆ ಒದ್ದೆ ಹತ್ತಿತು. ಅಲ್ಲಿ ಪೈಪು, ತಿರುವಿಗೆ ಹಾಕುವ ಎಲ್ಬೋ ಜೋಡಣೆ ಇಲ್ಲದೆಯೇ ಬಾಗಿತ್ತು, ಕಂದು ಬಣ್ಣಕ್ಕೆ ತಿರುಗಿ, ಹೊರಮೈ ಹಪ್ಪಳದಷ್ಟು ತೆಳ್ಳಗಾಗಿತ್ತು.

"ಇದು ಯಾರ ಅಡುಗೆ ಮೇಸ್ತ್ರಿ?"

ಅರ್ಹೆಮಿರೊ ಟೋಪಿ ಸರಿಮಾಡಿಕೊಂಡ. "ಕಕ್ಕಸು ಕಿಟಕಿಗೆ ಎದುರು ಬೇಡ, ಪಕ್ಕಕ್ಕೆ ಸರಿಸು ಅಂತ ದೋನ್ಯಾ ಹಟ ಹಿಡಿದ್ರು. ಎಲ್ಬೋ ತರೋಣ ಅಂದ್ರೆ ನಿನ್ನೆ ಸಂಜೆ ಅಂಗಡಿ ಮುಚ್ಚಿತ್ತು. ಖಾಲಿ ಸಿಮೆಂಟ್ ಚೀಲ ಸುಟ್ಟು, ಆ ಬೆಂಕಿಗೆ ಹಿಡಿದು ಬಗ್ಗಿಸ್ದೆ. ನಲವತ್ತು ವರ್ಷದಿಂದ ಹಿಂಗೇ ಬಗ್ಗಿಸ್ತಿರೋದು. ನಿಂಗೆ ಕಲಿಸಿದ್ದೂ ನಾನೇ."

"ಹೌದು, ನೀವೇ ಕಲಿಸಿದ್ದು," ಎಂದಳು ಒದಿಲಿಯಾ. ಕೆಳಗಿನವರಿಗೂ ಕೇಳಲಿ ಎಂದು ದನಿ ತಗ್ಗಿಸಲಿಲ್ಲ. "ಅದ್ಕೇ ನಮ್ಮಮ್ಮನ ಮನೇಲಿ ನಾನೂ ಬಗ್ಗಿಸ್ದೆ. ಹನ್ನೊಂದು ವರ್ಷದಿಂದ ಅಮ್ಮ ಒಲೆ ಪಕ್ಕ ಬಕೆಟ್ ಇಟ್ಕೊಂಡು ಅಡುಗೆ ಮಾಡ್ತಿದ್ದಾಳೆ. ಅದು ಮಳೆ ನೀರಲ್ಲ ಮೇಸ್ತ್ರಿ."

ಆ ಬಕೆಟ್ಟನ್ನು ಅರ್ಹೆಮಿರೊ ಎಷ್ಟೋ ಸಲ ಕಂಡಿದ್ದ. ಅದರ ಪಕ್ಕದಲ್ಲೇ ಕೂತು ಉಂಡಿದ್ದ. ಮಳೆ ನೀರು ಎಂದು ಒದಿಲಿಯಾ ಹೇಳಿದ್ದನ್ನು ನಂಬಿದ್ದ. ಆ ಕಂದು ಬಾಗನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಕೆಳಗೆ ಬಗ್ಗಿ ಕೂಗಿದ: "ಸಿಮೆಂಟ್ ಚೀಲ ಬಿಚ್ಬೇಡ್ರೋ."

ಅವಳು ಸುಟ್ಟ ತುಂಡನ್ನು ಕತ್ತರಿಸಿ ತೆಗೆದು, ತನ್ನ ಚೀಲದಿಂದ ಎರಡು ಎಲ್ಬೋ ತೆಗೆದಳು. ಅಂಟಿನ ಸೊಲ್ಯೂಷನ್ ಹಚ್ಚಿ ಕೂರಿಸಿ, ಅದು ಹಿಡಿಯುವ ತನಕ ಕಾದು, ಮತ್ತೆ ನೀರು ತುಂಬಿ ಪೆನ್ಸಿಲಿನಿಂದ ಗೆರೆ ಎಳೆದಳು. ಅಲ್ಲಿಯ ತನಕ ಹದಿನೆಂಟು ಜನರ ಹೊಟ್ಟೆ ಕಾಯಲಿಲ್ಲ. "ಉಂಡ ಮೇಲೆ ಇವರ ಸಲಿಕೆ ಏಳತ್ತಾ?" ಎಂದು ಗೊಣಗುತ್ತಲೇ ಫಾಬಿಯೋಲಾ ಬಡಿಸಿದಳು. ಅರ್ಹೆಮಿರೊ ಮಾತ್ರ ತಟ್ಟೆ ಮುಟ್ಟದೆ ಪೈಪಿನ ಬಾಯಿಯ ಹತ್ತಿರವೇ ಕೂತಿದ್ದ. ಗಂಟೆ ಮುಗಿದಾಗ ನೀರು ಗೆರೆಯ ಮೇಲೆಯೇ ನಿಂತಿತ್ತು.

ಸಲಿಕೆಗಳು ಎದ್ದವು, ತುಸು ಭಾರವಾಗಿ. ಸಂಜೆಯ ಹೊತ್ತಿಗೆ ತಾರಸಿ ನುಣ್ಣಗೆ ಹರಡಿತ್ತು. ಹಸಿ ಕಾಂಕ್ರೀಟಿನ ಮೂಲೆಯಲ್ಲಿ ಮೊಳೆಯಿಂದ ತಾರೀಕು, ಹೆಸರು ಗೀಚುವುದು ಯಾವಾಗಲೂ ಮೇಸ್ತ್ರಿಯ ಹಕ್ಕು. ಅರ್ಹೆಮಿರೊ ತಾರೀಕು ಗೀಚಿ ಮೊಳೆಯನ್ನು ಅವಳತ್ತ ಚಾಚಿದ.

"ನಿನ್ನ ಹೆಸರು ಬರಿ. ಸೋರಿದ್ರೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಿರ್ಲಿ."

"ಯಾರೂ ತಟ್ಟಲ್ಲ ಬಿಡಿ."

"ನಾನು ತಟ್ತೀನಿ. ಬರೋ ಭಾನುವಾರ, ಸುತ್ತಿಗೆ ಹಿಡ್ಕೊಂಡು. ನಿಮ್ಮಮ್ಮಂಗೆ ಹೇಳು, ಒಲೆ ಮೇಲಿನ ತಾರಸಿ ಒಡೆದು ಆ ಪೈಪು ತೆಗೀತೀವಿ ಅಂತ."

ಒದಿಲಿಯಾ ಕಣ್ಣೊರೆಸಿಕೊಂಡು ಮೊಣಕಾಲೂರಿದಳು. ಹೆಸರನ್ನು ಪೂರ್ತಿಯಾಗಿ, ದೊಡ್ಡ ಅಕ್ಷರಗಳಲ್ಲಿ ಬರೆದಳು.