ಮೂರನೇ ಅಂಗಿ

ಮೂರನೇ ಅಂಗಿಯೂ ದೊಗಳೆಯಾಯಿತು. ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಭುಜದ ಹೊಲಿಗೆ ತೋಳಿಗೆ ಜಾರಿತ್ತು, ಕಾಲರಿನೊಳಗೆ ಮೂರು ಬೆರಳು ಸಲೀಸಾಗಿ ಹೋಗುತ್ತಿದ್ದವು. ನಲವತ್ತಾರು ವರ್ಷ ಕತ್ತರಿ ಹಿಡಿದ ಕೈ ಇದು. ಊರಿನ ಡೊಳ್ಳುಹೊಟ್ಟೆಗಳನ್ನೆಲ್ಲ ಕೋಟಿನೊಳಗೆ ಅಡಗಿಸಿದವನಿಗೆ ತನ್ನ ಅಂಗಿಯನ್ನೇ ಹೊಲಿದುಕೊಳ್ಳಲು ಬರಲಿಲ್ಲವೆಂದರೆ!

ಅಳತೆ ಪುಸ್ತಕದಲ್ಲಿ ನನ್ನ ಪುಟ ತೆಗೆದೆ. ಎದೆ ನಲವತ್ತು, ಕಾಲರ್ ಹದಿನೈದೂವರೆ, ತಮ್ಮನ ಕೈಬರಹ. ಅಂಗಿಯ ಮೇಲೆ ಟೇಪು ಹಿಡಿದರೆ ಎಲ್ಲ ತಾಳೆಯಾಯಿತು. ಅದೇ ಇನ್ನಷ್ಟು ಹೆದರಿಸಿತು. ಟೇಪಿನ ಅಂಕಿಯೂ ನನಗೆ ತಪ್ಪಾಗಿ ಕಾಣುತ್ತಿದೆ ಎಂದುಕೊಂಡೆ.

ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು. ಅವರೂ ದರ್ಜಿ. ಒಂದು ದಿನ ಒಂದೇ ಕೋಟಿಗೆ ಎರಡೂ ಎಡಗೈ ತೋಳು ಕತ್ತರಿಸಿಟ್ಟರು. ನಾವು ಅಣ್ಣತಮ್ಮಂದಿರು ಬಿದ್ದು ಬಿದ್ದು ನಕ್ಕೆವು. ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮನ್ನೇ, "ನೀವು ಯಾರ ಮಕ್ಕಳಪ್ಪಾ?" ಎಂದು ಕೇಳತೊಡಗಿದರು.

ತಮ್ಮ ಹೋಗಿ ಎಂಟು ತಿಂಗಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಈಗ ನಾನೊಬ್ಬನೇ. ಗಿರಾಕಿಗಳ ಬಟ್ಟೆಗೆ ಕತ್ತರಿ ಹಾಕಲು ಧೈರ್ಯ ಸಾಲದೆ ಹದಿನೈದು ದಿನದಿಂದ ಬಾಗಿಲನ್ನು ಅರ್ಧ ಎಳೆದೇ ಇಟ್ಟಿದ್ದೆ. ತಮ್ಮನ ಮಗಳು ಫೋನ್ ಮಾಡಿದಾಗಲೆಲ್ಲ "ಆರಾಮಾಗಿದ್ದೀನಿ ಕಣಮ್ಮ" ಎನ್ನುತ್ತಿದ್ದೆ. ವಿಷಯ ಗೊತ್ತಾದರೆ ಅಂಗಡಿಗೆ ಬೀಗ ಹಾಕಿಸುತ್ತಾಳೆ. ಆಮೇಲೆ ನಾನು ಯಾರು?

ಹೇಳದೆ ಕೇಳದೆ ಆ ಮಧ್ಯಾಹ್ನವೇ ಬಂದುಬಿಟ್ಟಳು. ಅಂಗಿ ಬಿಚ್ಚಲೂ ಪುರುಸೊತ್ತು ಸಿಗಲಿಲ್ಲ.

"ದೊಡ್ಡಪ್ಪಾ, ಇದ್ಯಾರ ಅಂಗಿ?"

"ನಂದೇ. ಯಾಕೆ, ಕಣ್ಣು ಕಾಣಲ್ವಾ?" ಎಂದು ರೇಗಿದೆ. ರೇಗಿದರೆ ಜನ ಹೆಚ್ಚು ಕೆದಕುವುದಿಲ್ಲ. ಇವಳು ಮಾತ್ರ ಕದಲಲಿಲ್ಲ, ನನ್ನನ್ನೇ ನೋಡುತ್ತ ನಿಂತಳು.

"ಕೈ ಕೆಟ್ಟೋಗಿದೆ ಕಣೇ. ತಲೆನೂ. ನಿಮ್ಮಜ್ಜನ ಹಾಗೇ. ನಂಗೆ ಭಯ ಆಗ್ತಿದೆ."

ಅವಳು ನನ್ನ ಕೊರಳಿನಿಂದ ಟೇಪು ತೆಗೆದು ಎದೆಗೆ ಸುತ್ತಿದಳು. "ಮೂವತ್ತಾರು," ಎಂದು ಪುಸ್ತಕ ನೋಡಿದಳು. "ಈ ಅಳತೆ ಯಾವಾಗಿಂದು?"

"ನಿಮ್ಮಪ್ಪ ಇದ್ದಾಗಿಂದು. ನಮ್ಮ ಅಳತೆ ನಾವೇ ತಗೊಳಕ್ಕಾಗುತ್ತೇನೇ? ಕೈ ಎತ್ತಿದ್ರೆ ಎದೆ ಹಿಗ್ಗುತ್ತೆ."

"ಅಂಗಿ ಸರಿಯಾಗೇ ಇದೆ. ನೀವೇ ಅರ್ಧ ಆಗಿದ್ದೀರಿ. ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?"

ಯೋಚಿಸಿದೆ. ಒಲೆ ಹಚ್ಚಿದ್ದೇ ನೆನಪಿಗೆ ಬರಲಿಲ್ಲ. ಒಬ್ಬನಿಗೋಸ್ಕರ ಏನು ಬೇಯಿಸುವುದು ಎಂದು ಬಿಟ್ಟಿದ್ದೆ. ಆಮೇಲೆ ಹಸಿವೂ ಬಿಟ್ಟುಹೋಯಿತು, ನಿದ್ದೆಯೂ. ಯಾರಿಗೂ ಹೇಳಿರಲಿಲ್ಲ, ಎದುರಿಗೆ ಕೂತು ಕೇಳುವವರೂ ಇರಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ."

"ತಲೆ ಕೆಟ್ಟಿದೆ ಅಂತಾನೇ ಅವ್ರು ಹೇಳಿದ್ರೆ?"

"ಆಗ್ಲೂ ಬರ್ತೀನಿ."

ಭಯ ಹೋಗಲಿಲ್ಲ. ಅವಳು ಟೇಪು ಸುತ್ತಿಡತೊಡಗಿದಾಗ ಅದರ ತುದಿ ಹಿಡಿದುಕೊಂಡೆ. ಎಂಟು ತಿಂಗಳಿಂದ ಯಾರೂ ನನ್ನ ಮೈ ಮುಟ್ಟಿರಲಿಲ್ಲ.

"ತೋಳಿನ ಅಳತೆ ಬಿಟ್ಟೆ ನೀನು, ಸೊಂಟದ್ದೂ ಬಿಟ್ಟೆ," ಎಂದು ಗದರಿದೆ. "ಎಲ್ಲಾ ತಗೋ. ಅವಸರ ಮಾಡ್ಬೇಡ."