ಬಡಿಸುವ ಕಟ್ಟು

ಶುಕ್ರವಾರ ಮಧ್ಯಾಹ್ನ ನಮ್ಮ ಮ್ಯಾನೇಜರ್ ನಾಲ್ಕು ಜನರನ್ನೂ ಗಾಜಿನ ಕೋಣೆಗೆ ಕರೆದು, ಪ್ರಾಜೆಕ್ಟಿನಲ್ಲಿ ಇನ್ನು ಮೂರೇ ಸೀಟು, ಒಬ್ಬರು ಬೆಂಚಿಗೆ ಹೋಗಬೇಕು ಅಂದರು. ಯಾರು ಅಂತ ಕೇಳಿದ್ದಕ್ಕೆ, "ಮೀರೇ ಡಿಸೈಡ್ ಚೇಸುಕೋಂಡಿ," ನೀವೇ ತೀರ್ಮಾನ ಮಾಡಿಕೊಳ್ಳಿ ಎಂದು ತೆಲುಗಿನಲ್ಲಿ ಅದನ್ನು ನಮ್ಮ ತಲೆಗೇ ಕಟ್ಟಿದರು. ಸೋಮವಾರ ಬೆಳಿಗ್ಗೆ ಹೆಸರು ಬರದಿದ್ದರೆ ಕೊನೆಗೆ ಸೇರಿದವರನ್ನು ಕಳಿಸುತ್ತಾರಂತೆ. ಕೊನೆಗೆ ಸೇರಿದವಳು ನಾನು, ಸಿಂಚನಾ, ಮೈಸೂರಿನವಳು.

ಅದು ಎರಡು ಸಾವಿರದ ಆರನೇ ಇಸವಿ. ಗಚ್ಚಿಬೌಲಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು, ದಾರಿಯಲ್ಲಿ ಹೋಗುವವರನ್ನು ಕರೆದು ಕೆಲಸ ಕೊಡುತ್ತಾರೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಕೊಡುತ್ತಿದ್ದರು ನಿಜ, ಕಿತ್ತುಕೊಳ್ಳುತ್ತಲೂ ಇದ್ದರು. ಬೆಂಚು ಅಂದರೆ ಕೆಲಸವಿಲ್ಲದೆ ಕಾಯುವ ಜಾಗ. ಖಾಯಂ ಆದವರಿಗೆ ಅದು ಬೇಸಿಗೆ ರಜೆ ಇದ್ದ ಹಾಗೆ, ಪ್ರೊಬೇಶನ್ನಿನಲ್ಲಿ ಇರುವವರಿಗೆ ಮೂರೇ ವಾರದಲ್ಲಿ ಮನೆಗೆ ಹೋಗು ಅನ್ನುವ ಕಾಗದ. ನನಗೆ ಹಿಂದಿನ ಕಂಪನಿಯಲ್ಲೂ ಇಂಥದೇ ಒಂದು ಕಾಗದ ಸಿಕ್ಕಿತ್ತು. ಎರಡು ಕಾಗದ ಹಿಡಿದುಕೊಂಡು ಬಂದವಳನ್ನು ಮೂರನೆಯವರು ಯಾಕೆ ಒಳಗೆ ಬಿಟ್ಟುಕೊಳ್ಳುತ್ತಾರೆ ಹೇಳಿ.

ಚಂದ್ರಹಾಸ ಮತ್ತು ಭವಾನಿ ಖಾಯಂ ಆಗಿದ್ದರು. ಪ್ರೊಬೇಶನ್ನಿನಲ್ಲಿ ಇದ್ದವರು ನಾನು ಮತ್ತು ನನಗಿಂತ ಹತ್ತು ದಿನ ಮೊದಲು ಸೇರಿದ್ದ ಕಾಶಿನಾಥ.

"ಹಾಗಾದರೆ ಕಾರ್ಡಿನಲ್ಲೇ ತೀರ್ಮಾನ ಮಾಡುವ," ಅಂದ ಚಂದ್ರಹಾಸ. ಮಂಗಳೂರಿನವನು, ಎಲ್ಲದರಲ್ಲೂ ಗೆಲ್ಲಲೇಬೇಕು ಅನ್ನುವ ಆಸಾಮಿ. "ಮೊದಲು ಔಟ್ ಆದವರ ಹೆಸರು ಕೊಡುವುದು. ಹೇಗೂ ಪ್ರತಿ ಶನಿವಾರ ಆಡ್ತೇವಲ್ಲ."

ಆಡುತ್ತಿದ್ದದ್ದು ಹೌದು. ಪೊಟ್ಟಣದಲ್ಲಿ ಬರುವ ಕಾರ್ಡುಗಳು, ಒಂದೊಂದರ ಮೇಲೂ ಒಂದು ಚಿತ್ರ, ಚಿತ್ರದ ಕೆಳಗೆ ಅದು ಏನು ಮಾಡುತ್ತದೆ ಅನ್ನುವ ನಿಯಮ. ಅವರವರು ಆರಿಸಿಕೊಂಡ ಅರವತ್ತು ಕಾರ್ಡು ಅವರವರ ಕಟ್ಟು. ಸರದಿ ಬಂದಾಗ ನಿಮ್ಮ ಕಟ್ಟಿನಿಂದ ಒಂದು ಎಳೆಯಬೇಕು, ಇನ್ನೊಬ್ಬರ ಮೇಲೆ ಏರಿ ಹೋಗಬೇಕು. ಪೆಟ್ಟು ತಿಂದು ಸತ್ತವರು ಔಟ್. ಕಟ್ಟು ಖಾಲಿಯಾದವರೂ ಔಟ್. ಚಂದ್ರಹಾಸನ ಕಟ್ಟಿನ ತುಂಬಾ ಬೆಂಕಿ ಉಗುಳುವ ಪ್ರಾಣಿಗಳು. ಬೆಂಗಳೂರಿನ ಭವಾನಿ ಚಿತ್ರದಲ್ಲಿ ಹಸಿರು ಬಟ್ಟೆ ಹಾಕಿಕೊಂಡವರನ್ನು ಮಾತ್ರ ಸೇರಿಸಿ ಕಟ್ಟು ಮಾಡಿದ್ದಳು, ಆಶ್ಚರ್ಯವೆಂದರೆ ಅದೂ ಗೆಲ್ಲುತ್ತಿತ್ತು. ಕಾಶಿನಾಥನದು ದನದ ಕಟ್ಟು. ಎತ್ತು, ಎಮ್ಮೆ, ಕೋಣ, ಕೋಡಿರುವ ಯಾವುದೇ ಆಗಲಿ. ಅವು ಏರಿ ಹೋಗುತ್ತಿರಲಿಲ್ಲ, ಅಡ್ಡ ನಿಲ್ಲುತ್ತಿದ್ದವು ಅಷ್ಟೇ.

ಆಟವಿಲ್ಲದಿದ್ದರೆ ನಾನು ಹೋದಂತೆಯೇ, ಆದ್ದರಿಂದ ಒಪ್ಪಿದೆ. ಕಾಶಿನಾಥನಿಗೆ ಒಪ್ಪುವ ಗರಜೇ ಇರಲಿಲ್ಲ. ಸುಮ್ಮನೆ ಇದ್ದಿದ್ದರೆ ಅವನ ಸೀಟು ಭದ್ರ.

"ನೀವು ಬೇಡ ಅನ್ನಿ ಕಣ್ರೀ," ಅಂತ ನಾನೇ ಪಿಸುಗುಟ್ಟಿದೆ. ಎಲ್ಲರಿಗೂ ರೀ ಹಚ್ಚುವ ಕಲಬುರ್ಗಿಯ ಹುಡುಗ ಅವನು, ಅದಕ್ಕೆ ನಾವೂ ಅವನಿಗೆ ರೀ ಅಂತಲೇ ಅನ್ನುತ್ತಿದ್ದೆವು.

"ಎಲ್ಲಾರೂ ಆಡಾಕತ್ತೀರಿ, ನಾ ಒಬ್ಬಾವ ಹ್ಯಾಂಗ ಬ್ಯಾಡ ಅನ್ನಲಿರಿ?" ಅಂದ.

ಅವನ ಹಣೆಬರಹವೇ ಅದು. ಯಾರದೋ ಶಿಫ್ಟು, ಯಾರದೋ ಟೆಸ್ಟಿಂಗು, ಯಾರದೋ ಅತ್ತೆಯನ್ನು ಸಿಕಂದರಾಬಾದ್ ಸ್ಟೇಷನ್ನಿನಿಂದ ಕರೆತರುವುದು, ಎಲ್ಲಕ್ಕೂ "ಆತು ಬಿಡ್ರಿ" ಎಂಬ ಒಂದೇ ಉತ್ತರ.

ಅವತ್ತು ಸಂಜೆ ನಾವಿಬ್ಬರೂ ಬಂಡೆಮ್ಮನ ಮೆಸ್ಸಿಗೆ ಊಟಕ್ಕೆ ಹೋದೆವು. ಬಂಡೆಮ್ಮ ಸೇಡಂ ಕಡೆಯವರು, ಇಲ್ಲಿನ ಕಟ್ಟಡಗಳಿಗೆ ಕಲ್ಲು ಹೊರಲು ಬಂದು, ಕೊನೆಗೆ ಹೊತ್ತವರಿಗೂ ಒಳಗೆ ಕೂತವರಿಗೂ ರೊಟ್ಟಿ ಬಡಿಯಲು ಶುರು ಮಾಡಿದವರು. ಕಾಶಿನಾಥನ ತಟ್ಟೆಗೆ ಅವರು ಬಡಿಸುವುದನ್ನು ನೋಡುತ್ತಾ ಕೂತಿದ್ದೆ.

"ಸಾಕ್ರಿ ಬಂಡೆಮ್ಮ, ಸಾಕ್ರಿ," ಅಂತ ಇವನು.

"ಏ ಸುಮ್ಕ ತಿನ್ನಪ್ಪ, ತಿನ್ನೋ ವಯಸ್ಸು ಐತಿ," ಅಂತ ಅವರು. ಇನ್ನೊಂದು ರೊಟ್ಟಿ ಬಿತ್ತು. ಮತ್ತೆ ಸಾಕ್ರಿ, ಮತ್ತೊಂದು. ಅವನು ಒಂಬತ್ತು ರೊಟ್ಟಿ ತಿಂದ, ಹೊಟ್ಟೆ ಹಿಡಿದುಕೊಂಡು ತಿಂದ. ನನ್ನ ತಲೆಯಲ್ಲಿ ಒಂದು ಕಟ್ಟು ಆಗಲೇ ತಯಾರಾಗುತ್ತಿತ್ತು.

ಯಾರಿಗೂ ಬೇಡವಾದ ಕಾರ್ಡುಗಳ ಡಬ್ಬಿಯೊಂದು ನಮ್ಮ ಹತ್ತಿರ ಇತ್ತು. ಮನೆಗೆ ಹೋಗಿ ಅದನ್ನು ನೆಲಕ್ಕೆ ಸುರಿದೆ. ಅದರಲ್ಲಿ ಉದ್ದ ಮೇಜಿನ ಮೇಲೆ ಊಟ ಹರಡಿರುವ ಚಿತ್ರದ ಒಂದು ಕಾರ್ಡು, ನಾವು ಅದಕ್ಕೆ ಪಂಕ್ತಿ ಅಂತ ಹೆಸರಿಟ್ಟಿದ್ದೆವು. ಅದನ್ನು ಹಾಸಿದರೆ, ನನ್ನ ಪ್ರತಿ ಸರದಿಯಲ್ಲೂ ಉಳಿದವರು ತಲಾ ಎರಡು ಹೆಚ್ಚಿನ ಕಾರ್ಡು ತಮ್ಮ ಕಟ್ಟಿನಿಂದ ಎಳೆದುಕೊಳ್ಳಬಹುದು. ಯಾರಾದರೂ ಬೇಡ ಅಂದರೆ ಆ ಎರಡನ್ನು ನಾನು ನನ್ನ ಕಟ್ಟಿನಿಂದ ಎಳೆಯಬೇಕು. ಊರಿಗೆಲ್ಲಾ ಉಪಕಾರ ಮಾಡುವ ಪೆದ್ದು ಕಾರ್ಡು ಅಂತ ಎಲ್ಲರೂ ಅದನ್ನು ಬಿಸಾಕಿದ್ದರು. ನಾನು ಅದನ್ನೂ, ಅದನ್ನು ಹುಡುಕಿ ತರುವ ಕಾರ್ಡುಗಳನ್ನೂ, ಏಟು ತಡೆಯುವ ನಾಲ್ಕಾರು ಗೋಡೆ ಕಾರ್ಡುಗಳನ್ನೂ ಸೇರಿಸಿದೆ. ಬಡಿಸುವವಳಿಗೆ ಯಾರೂ ಹೊಡೆಯುವುದಿಲ್ಲ. ತಿನ್ನುವವರು ತಿಂದೂ ತಿಂದೂ ಕಟ್ಟು ಖಾಲಿ ಮಾಡಿಕೊಳ್ಳುತ್ತಾರೆ. ದುರಾಸೆಯ ಚಂದ್ರಹಾಸ ಮೊದಲು ಖಾಲಿಯಾಗುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ.

ಶನಿವಾರ ಮಧ್ಯಾಹ್ನ, ಊಟದ ಗಲಾಟೆ ಮುಗಿದ ಮೇಲೆ, ಬಂಡೆಮ್ಮ ಮೂಲೆಯ ಟೇಬಲ್ ಒರೆಸಿ ಕೊಟ್ಟರು. ಆಟ ಶುರುವಾಯಿತು. ಮೂರನೇ ಸುತ್ತಿನಲ್ಲೇ ಪಂಕ್ತಿ ನನ್ನ ಕೈಗೆ ಬಂತು, ಹಾಸಿದೆ.

"ಎಂತ ಮಾರಾಯ್ತಿ, ಧರ್ಮಛತ್ರ ಇಟ್ಟಿದ್ದೀಯಾ?" ಅಂತ ಚಂದ್ರಹಾಸ ನಕ್ಕು ಎರಡೂ ಎಳೆದುಕೊಂಡ. ಭವಾನಿಯೂ ಎಳೆದುಕೊಂಡಳು.

"ಸಾಕ್ರಿ, ಸಾಕ್ರಿ," ಅನ್ನುತ್ತಾ ಕಾಶಿನಾಥನೂ ಎಳೆದುಕೊಂಡ.

"ಒಂದು ನಿಮಿಷ," ಅಂದ ಚಂದ್ರಹಾಸ. "ಸಾಕು ಅಂದ್ರೆ ಬೇಡ ಅಂತಾ? ಸರಿ ಹೇಳಿ, ಆಮೇಲೆ ಜಗಳ ಬೇಡ."

"ಇಲ್ರಿ, ನಮ್ಮ ಕಡೆ ಹಂಗ ಅಂತೀವಿ. ಮಂದಿ ಕೊಡೂವಾಗ ಗಬಕ್ಕನ ತಗೊಂಡ್ರ ಛಂದ ಕಾಣಂಗಿಲ್ಲ."

ಬೇಡ ಅಂತ ಸ್ಪಷ್ಟವಾಗಿ ಅಂದರೆ ಮಾತ್ರ ಬೇಡ ಅಂತ ನಾಲ್ಕೂ ಜನ ಒಪ್ಪಿಕೊಂಡೆವು.

ಏಳೆಂಟು ಸುತ್ತು ನನ್ನ ಲೆಕ್ಕದಂತೆಯೇ ಹೋಯಿತು. ಯಾರೂ ನನ್ನನ್ನು ಮುಟ್ಟಲಿಲ್ಲ. ಚಂದ್ರಹಾಸನ ಬೆಂಕಿ ಕಾಶಿನಾಥನ ಕೋಣಗಳಿಗೆ ಬಡಿದು ಆರುತ್ತಿತ್ತು, ಭವಾನಿಯ ಹಸಿರು ಸೈನ್ಯ ಚಂದ್ರಹಾಸನನ್ನು ತಡೆಯುತ್ತಿತ್ತು. ಎಲ್ಲರ ಕೈಯೂ ತುಂಬಿ ಕಾರ್ಡು ಉದುರುತ್ತಿದ್ದವು. ಆಗ ಚಂದ್ರಹಾಸ ತನ್ನ ಕಟ್ಟನ್ನು ಬೆರಳಿನಲ್ಲಿ ಅಳೆದ, ನನ್ನದನ್ನು ನೋಡಿದ, ಮುಖದ ನಗು ಮಾಯವಾಯಿತು. ಅಯ್ಯೋ, ಗೊತ್ತಾಗಿಬಿಟ್ಟಿತಲ್ಲ ಅಂದುಕೊಂಡೆ.

"ಬೇಡ," ಅಂದ. ಸಂಕೋಚ ಗಿಂಕೋಚ ಏನೂ ಇಲ್ಲ. "ಭವಾನಿ, ನೀನೂ ಬೇಡ ಅನ್ನು. ಇವಳು ನಮ್ಮನ್ನು ತಿನ್ನಿಸಿ ಕೊಲ್ಲಲಿಕ್ಕೆ ಕೂತಿದ್ದಾಳೆ. ನಾವು ಬೇಡ ಅಂದ್ರೆ ಅವಳೇ ಖಾಲಿ ಆಗ್ತಾಳೆ."

"ಸಾರಿ ಸಿಂಚು, ನಂಗೂ ಬೇಡ," ಅಂದಳು ಭವಾನಿ, ನನ್ನ ಕಣ್ಣು ತಪ್ಪಿಸಿ.

ಎರಡು ಮತ್ತು ಎರಡು, ನಾಲ್ಕು ಕಾರ್ಡು ನನ್ನ ಕಟ್ಟಿನಿಂದ ಹೋಯಿತು. ಸರದಿಯದು ಒಂದು ಸೇರಿ ಸುತ್ತಿಗೆ ಐದು. ಪಂಕ್ತಿ ಒಮ್ಮೆ ಹಾಸಿದರೆ ಎತ್ತುವಂತಿಲ್ಲ. ಕಾಶಿನಾಥ ಮಾತ್ರ ಪ್ರತಿ ಸಲ ಸಾಕ್ರಿ ಅನ್ನುತ್ತಾ ತೆಗೆದುಕೊಳ್ಳುತ್ತಲೇ ಇದ್ದ. ಅವನ ಕಟ್ಟು ತೆಳ್ಳಗಾಗುತ್ತಿತ್ತು, ನನ್ನದು ಅದಕ್ಕಿಂತ ಜೋರಾಗಿ. ಚಂದ್ರಹಾಸ ಹೊಡೆಯುವುದನ್ನೂ ನಿಲ್ಲಿಸಿ, ಕೈಕಟ್ಟಿ ಹಿಂದಕ್ಕೆ ಒರಗಿಕೊಂಡ. ಇನ್ನು ಔಟಾಗುವುದು ಪ್ರೊಬೇಶನ್ನಿನ ಇಬ್ಬರಲ್ಲಿ ಒಬ್ಬರು ಅಂತ ಅವನಿಗೆ ಖಾತ್ರಿಯಾಗಿತ್ತು. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ನನ್ನ ಸರದಿ ಬಂತು. ಏಳು ಉಳಿದಿತ್ತು. ಒಂದು ಎಳೆದೆ, ಆರಾಯಿತು. ಚಂದ್ರಹಾಸ ಬೇಡ ಅಂದ, ನಾಲ್ಕಾಯಿತು. ಭವಾನಿ ಬೇಡ ಅಂದಳು, ಎರಡಾಯಿತು.

ಕಾಶಿನಾಥನ ಕಟ್ಟಿನಲ್ಲಿಯೂ ಇದ್ದದ್ದು ಎರಡೇ.

ಅವನು ತೆಗೆದುಕೊಂಡರೆ ಅವನು ಔಟ್. ಬೇಡ ಅಂದರೆ ನಾನು ಔಟ್. ಬಂಡೆಮ್ಮ ಕೂಡ ಪಾತ್ರೆ ತೊಳೆಯುವುದು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು.

"ಎರಡು ತಗೋತೀರಾ, ಕಾಶಿ?" ಅಂದೆ.

ಅವನು ನನ್ನನ್ನು ನೋಡಿದ, ಕಟ್ಟನ್ನು ನೋಡಿದ. ತುಟಿ ಅಲ್ಲಾಡಿತು. ನನಗೆ ಗೊತ್ತಿತ್ತು, ಅವನು ತಗೊಳ್ಳುತ್ತಾನೆ. ಒಂಬತ್ತನೇ ರೊಟ್ಟಿ ತಗೊಂಡವನು ಇದನ್ನು ಬಿಡುತ್ತಾನೆಯೇ. ಥೂ, ಆಗ ಹೊಳೆಯಿತು ನನಗೆ ನನ್ನ ಯೋಗ್ಯತೆ. ಚಂದ್ರಹಾಸನನ್ನು ಕೆಡವಲು ಈ ಕಟ್ಟು ಮಾಡಿದೆ ಅಂದುಕೊಂಡಿದ್ದೆನಲ್ಲ, ಸುಳ್ಳು. ನಾನು ಮಾಡಿದ್ದು ಕಾಶಿನಾಥನ ತಟ್ಟೆ ನೋಡಿಕೊಂಡು. ಬೇಡ ಅನ್ನಲು ಬಾರದವನು ಒಬ್ಬನೇ ಒಬ್ಬ ಈ ಟೇಬಲ್ಲಿಗೆ ಬರುತ್ತಾನೆ ಅಂತ ತಿಳಿದೇ ಮಾಡಿದ್ದೆ.

ಅವನ ಕೈ ಮೇಲೆದ್ದು ಕಟ್ಟಿನ ಕಡೆ ಬಂತು. ಅದು ಮುಟ್ಟುವ ಮೊದಲೇ ನಾನು ನನ್ನ ಅಂಗೈಯನ್ನು ಅವನ ಕಟ್ಟಿನ ಮೇಲೆ ಮುಚ್ಚಿದೆ. ಅವನ ಕೈ ನನ್ನ ಕೈಯ ಮೇಲೆ ಬಿತ್ತು.

"ಬೇಡ," ಅಂದೆ. "ಇವರಿಗೆ ಬೇಡ. ಇವರ ಪಾಲಿನದು ನನಗೇ ಇರಲಿ."

ಇನ್ನೊಂದು ಕೈಯಿಂದ ನನ್ನ ಕೊನೆಯ ಎರಡು ಕಾರ್ಡು ಎಳೆದೆ. ಟೇಬಲ್ಲಿನ ಮೇಲೆ ನನ್ನ ಕಟ್ಟು ಇದ್ದ ಜಾಗ ಬರಿದಾಯಿತು.

"ರೂಲಿನಲ್ಲಿ ಹಾಗೆ ಇಲ್ಲ," ಅಂತ ಶುರು ಮಾಡಿದ ಚಂದ್ರಹಾಸ, ಒಂದು ಕ್ಷಣ ಯೋಚಿಸಿ, "ಆಗಲಿ, ನನಗೇನು, ಸಿಂಚನಾ ಔಟ್," ಅಂದ.

ಸೋತಿದ್ದೆ, ಆದರೂ ಒಂದು ಸಣ್ಣ ಹೆಮ್ಮೆ. ಕೆಲಸ ಹೋದರೆ ಹೋಗಲಿ, ಒಬ್ಬ ಪಾಪದವನ ಸೀಟು ಉಳಿಸಿದೆನಲ್ಲ. ಕಾಶಿನಾಥನ ಕೈ ಇನ್ನೂ ನನ್ನ ಕೈಯ ಮೇಲೆಯೇ ಇತ್ತು.

"ಸಿಂಚನಾ ಅವ್ರ," ಅಂದ ಮೆಲ್ಲಗೆ, "ನಾನೂ ಅದಕ್ಕ ಕೈ ತಂದಿದ್ದೆರಿ."

"ಯಾವುದಕ್ಕೆ?"

"ಮುಚ್ಚಾಕ. ನಮ್ಮ ಮನ್ಯಾಗ ಬ್ಯಾಡ ಅಂತ ಬಾಯಿಲೆ ಅನ್ನಂಗಿಲ್ರಿ. ಭಾಳ ಆದಾಗ ತಟ್ಟಿ ಮ್ಯಾಲ ಕೈ ಮುಚ್ತೀವಿ. ನಿನ್ನಿ ರೊಟ್ಟಿಗೂ ಕಡೀಕ ಹಂಗ ಮಾಡಿದ್ದೆ, ನೀವು ಏನೋ ವಿಚಾರ ಮಾಡಾಕತ್ತಿದ್ರಿ, ನೋಡಿಲ್ಲ. ಇವತ್ತರ ಬ್ಯಾಡ ಅನ್ನಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೆರಿ."

ಅಂದರೆ ಇವನು ನನ್ನನ್ನು ಔಟ್ ಮಾಡಲು ಹೊರಟಿದ್ದ! ಜನ್ಮದಲ್ಲಿ ಮೊದಲ ಸಲ ಒಬ್ಬರಿಗೆ ಎದುರಾಗಿ ಬೇಡ ಅನ್ನಲು ಎದ್ದ ಕೈ, ಅದೂ ನನಗೆ. ನಾನು ತ್ಯಾಗ ಮಾಡದಿದ್ದರೂ ಸೋಲುತ್ತಿದ್ದೆ. ಸಿಟ್ಟು ಎಷ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು.

"ಮತ್ತೆ ಬಾಯಿ ಬಿಟ್ಟು ಹೇಳೋಕೇನ್ರೀ ರೋಗ?" ಅಂತ ಕಿರುಚಿದೆ.

ಅವನ ಮುಖ ಸಣ್ಣದಾಯಿತು. "ತಪ್ಪಾತ್ರಿ. ಸೋಮವಾರ ನನ್ನ ಹೆಸರು ಬರಸ್ರಿ, ನಾ ಹೋಗ್ತೀನಿ."

ಚಂದ್ರಹಾಸ ತಲೆ ಎತ್ತಿದ. ಭವಾನಿಯೂ ನನ್ನನ್ನೇ ನೋಡಿದಳು. ನಾನು ಹೂಂ ಅಂದರೆ ಸಾಕಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಬಂಡೆಮ್ಮ ಬುಟ್ಟಿ ಹಿಡಿದು ಬಂದರು. "ಆಟ ಮುಗೀತೇನು? ಎರಡು ರೊಟ್ಟಿ ಉಳದಾವ, ತಗೋಪಾ ಕಾಶಿನಾಥ."

ಕಾಶಿನಾಥನ ಕೈ ತನ್ನಷ್ಟಕ್ಕೆ ಮುಚ್ಚಲು ಹೋಯಿತು. ನಾನು ಆ ಕೈಯನ್ನು ಹಿಡಿದು ಕೆಳಗಿಟ್ಟೆ.

"ಬಾಯಲ್ಲಿ ಹೇಳಿ," ಅಂದೆ.

ಅವನು ನನ್ನನ್ನೇ ನೋಡಿದ. ಗಂಟಲು ಸರಿಮಾಡಿಕೊಂಡ. "ಬ್ಯಾಡ್ರಿ ಬಂಡೆಮ್ಮ," ಅಂದ, ಎಲ್ಲರಿಗೂ ಕೇಳುವ ಹಾಗೆ.

"ಯಾಕೋ ತಮ್ಮಾ, ಮೈಯಾಗ ಆರಾಮ ಇಲ್ಲೇನು?" ಅಂತ ಬಂಡೆಮ್ಮ ಗಾಬರಿಯಾದರು.

"ಹೀಗೇ ಅನ್ನಬೇಕು, ಸೋಮವಾರವೂ," ಅಂದೆ ನಾನು ಅವನಿಗೆ. "ಯಾರು ಏನೇ ಕೇಳಲಿ, ನಾನೇ ಬಂದು ಸೀಟು ಬಿಟ್ಟುಕೊಡಿ ಅಂತ ಕೇಳಿದರೂ."

ಮ್ಯಾನೇಜರಿಗೆ ಕೊಡಲೆಂದು ಚಂದ್ರಹಾಸ ಚಾಚಿದ ಚೀಟಿಯಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಆಮೇಲೆ ಬಂಡೆಮ್ಮನ ಕಡೆ ತಟ್ಟೆ ಚಾಚಿ, ಆ ಎರಡೂ ರೊಟ್ಟಿ ನನಗೆ ಹಾಕಿ ಅಂದೆ.