ಸೆಬುವಿನ ಬಾಲಯೇಸುವಿಗೆ ಹೊತ್ತ ಹರಕೆ

ನನ್ನ ತಮ್ಮ ರಿತೇಶನನ್ನು ಸೆಬುವಿನ ಆ ಇಗರ್ಜಿಗೆ ಅಟ್ಟಿದ್ದು ಅಮ್ಮನೇ. ಹಡಗಿನ ಅಡುಗೆಮನೆಯಲ್ಲಿ ಅವನಿಗೆ ಕೆಲಸ ಸಿಕ್ಕರೆ ಮಂಗಳೂರಿನ ಬಾಲಯೇಸುವಿಗೆ ಮೇಣದಬತ್ತಿ ಹಚ್ಚುವೆನೆಂದು ಹರಕೆ ಹೊತ್ತಿದ್ದಳು. ಕೆಲಸ ಸಿಕ್ಕಿತು, ಹರಕೆ ಬಾಕಿ ಉಳಿದಿತ್ತು. ಹಡಗು ಫಿಲಿಪ್ಪೀನ್ಸಿನ ಸೆಬು ಬಂದರಿಗೆ ಹೋದಾಗ, ಅಲ್ಲಿನ ಇಗರ್ಜಿಯಲ್ಲೂ ಬಾಲಯೇಸು ಇದ್ದಾನೆ, ಸುಮಾರು ಐನೂರು ವರ್ಷದ ಹಿಂದೆ ಮಗೆಲನ್ ಎಂಬ ನಾವಿಕ ತಂದು ಅಲ್ಲಿನ ರಾಣಿಗೆ ಕೊಟ್ಟದ್ದು, ಮುಂದೆ ಊರಿಗೆ ಬೆಂಕಿ ಬಿದ್ದು ಅದನ್ನಿಟ್ಟಿದ್ದ ಮನೆ ಸುಟ್ಟರೂ ಮೂರ್ತಿ ಉಳಿಯಿತಂತೆ ಎಂದು ಅವನು ಫೋನಿನಲ್ಲಿ ಹೇಳಿಬಿಟ್ಟ.

"ಹಾಗಾದ್ರೆ ಅದೇ ಮೂಲಸ್ಥಾನ. ನಾಳೆ ಬೆಳಿಗ್ಗೆಯೇ ಹೋಗಿ ಹರಕೆ ತೀರಿಸು," ಎಂದಳು ಅಮ್ಮ.

ಮರುದಿನ ಡೊಂಬಿವಲಿಯ ನಮ್ಮ ಮನೆಯ ಟಿವಿಯಲ್ಲಿ ಅದೇ ಇಗರ್ಜಿ ಕಾಣಿಸಿತು. ಭೂಕಂಪಕ್ಕೆ ಅದರ ಗಂಟೆಗೋಪುರ ಕುಸಿದು ಬಿದ್ದಿತ್ತು.

ರಿತೇಶನ ನಂಬರ್ ಎಷ್ಟು ಸಲ ಒತ್ತಿದರೂ ಲೈನ್ ಸಿಗಲಿಲ್ಲ. ಆಫೀಸಿಗೆ ಹೋಗುವ ಲೋಕಲ್ ರೈಲು ತಪ್ಪಿತು, ತಪ್ಪಲಿ. "ನಿನ್ನ ಹರಕೆಯೇ ಅವನನ್ನು ನುಂಗಿತು!" ಎಂದು ಕಿರುಚಿದೆ. ಅಮ್ಮ ಟಿವಿಯಿಂದ ಕಣ್ಣು ಕೀಳಲಿಲ್ಲ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಕೊನೆಗೆ ಅವನೇ ಫೋನ್ ಮಾಡಿದ. "ಅಕ್ಕಾ, ಮೈ ಠೀಕ್ ಹೂಂ, ನನಗೇನೂ ಆಗಿಲ್ಲ. ಮೊದಲು ಸ್ಪೇನಿನವರ ಹಳೇ ಕೋಟೆ ನೋಡುವಾ ಅಂತ ಆ ಕಡೆ ಹೋದೆ. ಇಗರ್ಜಿಗೆ ಹೋಗಲೇ ಇಲ್ಲ. ಅಮ್ಮನಿಗೆ ಹೇಳ್ಬೇಡ, ಬೈತಾಳೆ."

ಅಮ್ಮ ಫೋನ್ ಕಸಿದುಕೊಂಡಳು. ಬೈಯಲಿಲ್ಲ.

"ಇಗರ್ಜಿಯ ಗೋಡೆಯ ಹತ್ತಿರ ಹೋಗ್ಬೇಡ ಮಗಾ, ದೂರದಿಂದಲೇ ಒಂದು ಮೇಣದಬತ್ತಿ ಹಚ್ಚಿ ಬಾ," ಎಂದಳು. "ಪಾಪ, ಬಾಲಯೇಸುವೂ ಮಗು ಅಲ್ವಾ. ಹೆದರಿರ್ತಾನೆ."